ನಾನು ಕೂರಿಸಿದ ಮುಳ್ಳು

ಟ್ರ್ಯಾಕ್ಟರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ನೀರಿನ ಶಾಖ ತೋರಿಸುವ ಗೇಜು ಅಂಗೈಗಿಂತ ಚಿಕ್ಕದು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಗಲು ರಾತ್ರಿ ಓಡುತ್ತವೆ. ಆ ಹೊತ್ತಿನಲ್ಲಿ ಎಂಜಿನ್ನಿನ ಒಳಗಿನ ಸ್ಥಿತಿಯನ್ನು ಡ್ರೈವರನಿಗೆ ತಿಳಿಸುವವು ಎರಡೇ: ಒಂದು ಆಯಿಲ್ ಗೇಜು, ಇನ್ನೊಂದು ಈ ಹೀಟ್ ಗೇಜು. ಅಂಥದೊಂದನ್ನು ನಾನು ಮನೆಯಲ್ಲಿ ಬಿಚ್ಚಿದೆ, ಕೆಡಿಸಿದೆ, ಕೆಟ್ಟದ್ದು ಯಾರಿಗೂ ಕಾಣದಂತೆ ಮತ್ತೆ ಮುಚ್ಚಿ ಕೂರಿಸಿದೆ. ಅದರಿಂದ ಎಂಜಿನ್ನಿನ ಹೆಡ್ ಹೋಯಿತು. ಒಬ್ಬ ಒಳ್ಳೆಯ ಡ್ರೈವರನ ಮೇಲೆ ಸುಳ್ಳು ಅಪವಾದ ಬಂತು. ಎಂಜಿನ್ ದುರಸ್ತಿಯಾಯಿತು. ಅಪವಾದದ ಮಾತು ಹಾಗಲ್ಲ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

2019ರ ಆಗಸ್ಟ್ ಮೊದಲ ವಾರ ನಮ್ಮ ಕಡೆಯವರು ಯಾರೂ ಮರೆಯುವಂಥದ್ದಲ್ಲ. ಘಟ್ಟದ ಮೇಲೆ ಬಿಡುವಿಲ್ಲದ ಮಳೆ. ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟರು. ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪೇಟೆಯೊಳಗೇ ಹೊಳೆ ಹೊಕ್ಕಿತು. ಲೋಳಸೂರ ಸೇತುವೆ ಮುಳುಗಿ ದಾರಿ ಕಡಿಯಿತು. ನಮ್ಮದು ಮೂಡಲಗಿ ತಾಲೂಕಿನ ಹೊಳೆದಂಡೆಯ ಊರು. ದನಕರು, ಕಾಳುಕಡಿ, ಮುದುಕರು ಮಕ್ಕಳನ್ನೆಲ್ಲ ಎತ್ತರಕ್ಕೆ ಸಾಗಿಸುವುದರಲ್ಲಿ ಟ್ರ್ಯಾಕ್ಟರನ್ನು ಕೊನೆಗೆ ಬಿಟ್ಟೆವು. ಕೊನೆಗೆ ಅದಕ್ಕೆ ಹೊತ್ತೇ ಉಳಿಯಲಿಲ್ಲ. ನೀರು ಇಳಿದ ಮೇಲೆ ಬಂದು ನೋಡಿದರೆ ಸ್ಟೇರಿಂಗಿನ ಮಟ್ಟದ ತನಕ ಕೆಸರಿನ ಗೆರೆ ಇತ್ತು.

ಮೇಸ್ತ್ರಿ ಬಂದು ಆಯಿಲ್ ಇಳಿಸಿದ, ಡೀಸೆಲ್ ಟ್ಯಾಂಕ್ ತೊಳೆದ, ರೇಡಿಯೇಟರ್ ಫ್ಲಶ್ ಮಾಡಿದ, ಗಾಡಿ ಎಬ್ಬಿಸಿದ. ಅಪ್ಪನ ಕಾಲದ ಗಾಡಿ, ಎದ್ದಿತು. ಹೀಟ್ ಗೇಜು ಮಾತ್ರ ಒಳಗಿನಿಂದ ಬೆವೆತು ಕೂತಿತ್ತು. ಗಾಜಿನ ಒಳಮೈಗೆ ಹನಿ, ಡಯಲ್ ಮೇಲೆ ಕೆಂಪು ಮಣ್ಣಿನ ಕಲೆ, ಮುಳ್ಳು ಎಲ್ಲಿದೆ ಎಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಹೊಸದು ತರಿಸೋಣ ಎಂದು ಮೇಸ್ತ್ರಿ ಹೇಳಿದ್ದ. ನಾನು ಬೇಡ ಎಂದೆ. ಆ ಹೊತ್ತಿನಲ್ಲಿ ಮನೆಯಲ್ಲಿ ದುಡ್ಡಿನ ಅಡಚಣೆ ಇದ್ದದ್ದು ನಿಜ. ಆದರೆ ಕಾರಣ ಅದೊಂದೇ ಅಲ್ಲ. ನನಗೆ ಬಿಚ್ಚುವ ಆಸೆ ಇತ್ತು.

ಚಿಕ್ಕಂದಿನಿಂದ ನನಗೆ ಗಡಿಯಾರದ ಹುಚ್ಚು. ನಮ್ಮ ಮನೆಗಳಲ್ಲಿ ಆಗ ವಾಚೆಂದರೆ ಎಚ್‌ಎಂಟಿ. ಬೆಂಗಳೂರಿನಲ್ಲಿ 1961ರಲ್ಲಿ ಆ ಕಾರ್ಖಾನೆ ಶುರುವಾದ ಮೇಲೆ ಮದುವೆಯ ವರನ ಕೈಗೂ ನಿವೃತ್ತ ಮಾಸ್ತರರ ಕೈಗೂ ಅದೇ ಏರುತ್ತಿತ್ತು. ಕೀಲಿ ಕೊಡುವ ಅಂಥ ವಾಚುಗಳನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಮತ್ತೆ ನಡೆಸಿದವನು ನಾನು. ಊರವರು ತಂದು ಕೊಡುತ್ತಿದ್ದರು, ನಾನು ಸರಿ ಮಾಡಿ ಕೊಡುತ್ತಿದ್ದೆ. ಮುಳ್ಳು, ಡಯಲ್, ಗಾಜು ಇದ್ದದ್ದೆಲ್ಲ ನನಗೆ ಗೊತ್ತಿರುವ ವಸ್ತು ಎಂಬ ಧೈರ್ಯ ಹೀಗೆ ಬಂದಿತ್ತು. ವಾಚಿಗೂ ಗೇಜಿಗೂ ಇರುವ ಒಂದು ದೊಡ್ಡ ಅಂತರ ಆಗ ನನ್ನ ತಲೆಗೆ ಹೊಳೆಯಲಿಲ್ಲ. ವಾಚಿನ ಜೀವ ಪೂರ್ತಿಯಾಗಿ ಅದರ ಡಬ್ಬಿಯೊಳಗೇ ಇರುತ್ತದೆ, ಡಬ್ಬಿ ತೆರೆದರೆ ಎಲ್ಲ ಕಣ್ಣೆದುರಿಗೇ. ಹಳೆಯ ಟ್ರ್ಯಾಕ್ಟರಿನ ಹೀಟ್ ಗೇಜಿಗೆ ಡಬ್ಬಿ ಬರೀ ಒಂದು ತುದಿ. ಅದರ ಬೆನ್ನಿನಿಂದ ತೆಳ್ಳಗಿನ ತಾಮ್ರದ ಕೊಳವೆಯೊಂದು ಹೊರಟು, ತಂತಿ ಸುತ್ತಿದ ಕವಚದೊಳಗೆ ಬಾನೆಟ್ ಅಡಿ ಹಾಯ್ದು, ಎಂಜಿನ್ನಿನ ಹೆಡ್ಡಿಗೆ ಹೋಗಿ, ಅಲ್ಲಿ ಬಿಸಿನೀರಿನಲ್ಲಿ ಮುಳುಗಿರುವ ಬಲ್ಬಿನಲ್ಲಿ ಕೊನೆಯಾಗುತ್ತದೆ. ಬಲ್ಬು, ಕೊಳವೆ, ಡಬ್ಬಿಯೊಳಗಿನ ಬಾಗಿದ ನಳಿಗೆ ಮೂರೂ ಸೇರಿ ಒಂದೇ ಪಾತ್ರೆ. ಕಾರ್ಖಾನೆಯಲ್ಲಿ ಒಮ್ಮೆ ಮುಚ್ಚಿದ್ದು, ಮತ್ತೆ ತೆರೆಯುವುದಕ್ಕೆಂದು ಮಾಡಿದ್ದೇ ಅಲ್ಲ.

ನನ್ನ ಕಣ್ಣಿಗೆ ಕಂಡ ಮುಚ್ಚಳ ಒಂದೇ, ಗಾಜನ್ನು ಹಿಡಿದಿದ್ದ ಉಂಗುರ. ಇದಕ್ಕೆ ಸ್ಕ್ರೂ ಇರುವುದಿಲ್ಲ. ತೆಳು ತಗಡಿನ ಅಂಚನ್ನು ಡಬ್ಬಿಯ ಹಿಂದಕ್ಕೆ ಸುತ್ತಲೂ ಮಡಚಿ ಒತ್ತಿರುತ್ತಾರೆ. ಅದನ್ನು ತೆಗೆಯಬೇಕೆಂದರೆ ಗಡಿಯಾರದ ಸಣ್ಣ ಸ್ಕ್ರೂಡ್ರೈವರಿನ ತುದಿ ಹಾಕಿ ಕೂದಲೆಳೆಯಷ್ಟು ಎಬ್ಬಿಸಬೇಕು, ಸರಿದು ಮತ್ತೆ ಎಬ್ಬಿಸಬೇಕು. ಹೀಗೆ ಇಡೀ ಸುತ್ತು ಬಂದು, ಎರಡನೆಯ ಸುತ್ತಿನಲ್ಲಿ ಇನ್ನಷ್ಟು. ಅವಸರ ಮಾಡಿದರೆ ತಗಡು ಸೀಳುತ್ತದೆ, ಇಲ್ಲವೇ ಗಾಜು ಒಡೆಯುತ್ತದೆ. ಈ ಕೆಲಸದಲ್ಲಿ ನನ್ನ ಕೈ ಕಚ್ಚಾ ಅಲ್ಲ. ಉಂಗುರಕ್ಕೆ ಒಂದು ಗೀರೂ ಬೀಳಲಿಲ್ಲ.

ತಪ್ಪು ನಡೆದದ್ದು ಅದರ ಬೆನ್ನ ಹಿಂದೆ. ಗೇಜು ಪೂರ್ತಿ ಹೊರಗೆ ಬರಬೇಕಾದರೆ ಹೆಡ್ಡಿನಲ್ಲಿರುವ ಬಲ್ಬಿನ ನಟ್ಟು ಬಿಚ್ಚಬೇಕು. ವರ್ಷಗಟ್ಟಲೆ ನೀರು, ಶಾಖ ತಿಂದ ಆ ಹಿತ್ತಾಳೆ ನಟ್ಟು ಅಲುಗಲಿಲ್ಲ. ಬಲವಂತ ಮಾಡಿದರೆ ಅದೇ ಮುರಿದೀತು ಎಂದು ಹೆದರಿ ಅದನ್ನು ಹಾಗೇ ಬಿಟ್ಟೆ. ಗೇಜನ್ನಷ್ಟೇ ಡ್ಯಾಶ್‌ಬೋರ್ಡಿನಿಂದ ಹೊರಗೆಳೆದು, ಕೊಳವೆ ಎಟುಕುವಷ್ಟು ದೂರದಲ್ಲಿ ತೊಡೆಯ ಮೇಲೆ ಅರಿವೆ ಹಾಸಿ, ಅಲ್ಲೇ ಕೂತು ಕೆಲಸ ಮಾಡಿದೆ. ಉಂಗುರದ ಸುತ್ತ ಸ್ಕ್ರೂಡ್ರೈವರ್ ಸರಿಸುತ್ತ ಹೋದಂತೆಲ್ಲ ಕೈಯಲ್ಲಿದ್ದ ಗೇಜನ್ನು ತಿರುಗಿಸುತ್ತ ಹೋದೆ. ಒಂದು ತುದಿ ಎಂಜಿನ್ನಿಗೆ ಕಚ್ಚಿಕೊಂಡಿದ್ದ ಆ ತಾಮ್ರದ ಎಳೆ ಇನ್ನೊಂದು ತುದಿಯಲ್ಲಿ ನನ್ನ ಕೈಯೊಂದಿಗೆ ತಿರುಚಿಕೊಳ್ಳುತ್ತ ಹೋಯಿತು. ಹಳೆಯ ತಾಮ್ರ ಬಾಗಿ ಬಾಗಿ ಗಡಸಾಗುತ್ತದೆ, ಆಮೇಲೆ ಬಿರಿಯುತ್ತದೆ. ಡಬ್ಬಿಯ ಬೆನ್ನಿಗೆ ಅದು ಸೇರುವ ಜಾಗದಲ್ಲೇ ಬಿರಿಯಿತು. ತಂತಿಯ ಕವಚದ ಒಳಗೆ ಆದ್ದರಿಂದ ಕಣ್ಣಿಗೆ ಬೀಳಲಿಲ್ಲ.

ಮೂಗಿಗೆ ಬಿದ್ದಿತ್ತು. ಗಾಜು ತೆಗೆದಿಟ್ಟು ಡಯಲ್ ಒರೆಸುವಾಗ ತಣ್ಣನೆಯ, ತುಸು ಸಿಹಿಯಾದ ಒಂದು ವಾಸನೆ ಬಂತು. ದವಾಖಾನೆಯಲ್ಲಿ ಬರುವಂಥದ್ದು. ಗಾಜು ಒರೆಸಲು ನಾನೇ ಸ್ಪಿರಿಟ್ ತೆಗೆದುಕೊಂಡಿದ್ದೆ, ಅದರದೇ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ವಾಸನೆ ಹೋಯಿತು. ಹೋದದ್ದು ಬರೀ ವಾಸನೆಯಲ್ಲ, ಆ ಗೇಜಿನ ಒಳಗಿದ್ದ ಈಥರ್ ಎಂಬ ದ್ರವ ಅಷ್ಟೂ.

ಡಯಲ್ ಚೊಕ್ಕಟವಾಯಿತು. ಸಂಖ್ಯೆ, ಹಸಿರು ಪಟ್ಟಿ, ಕೆಂಪು ಪಟ್ಟಿ ಎಲ್ಲ ಹೊಳೆದವು. ಒರೆಸಲು ಅಡ್ಡ ಬರುತ್ತದೆಂದು ಮುಳ್ಳನ್ನು ಕಿತ್ತು ಬದಿಗಿಟ್ಟಿದ್ದೆ, ವಾಚಿನ ಮುಳ್ಳು ಕಿತ್ತು ರೂಢಿಯಲ್ಲವೇ. ಕೀಳುವ ಮುನ್ನ ಅದು ಎಲ್ಲಿ ನಿಂತಿತ್ತು ಎಂದು ಗುರುತು ಹಾಕಿಕೊಳ್ಳಲಿಲ್ಲ. ಈಗ ಎಂಜಿನ್ ಸ್ವಲ್ಪ ಓಡಿಸಿ ಬೆಚ್ಚಗೆ ಮಾಡಿ, ಮುಳ್ಳು ಕೂರಿಸಿ ನೋಡಿದರೆ ಅದು ಕೆಳಗಿನ ಪಿನ್ನಿಗೆ ಒರಗಿ ಸತ್ತಂತೆ ಮಲಗಿತು. ಎಂಜಿನ್ ಬೆಚ್ಚಗಿದೆ, ಮುಳ್ಳು ಎದ್ದಿರಬೇಕಾಗಿತ್ತು. ಆ ಕ್ಷಣದಲ್ಲಿ ಯಾಕೆ ಏಳಲಿಲ್ಲ ಎಂದು ಕೇಳಿಕೊಳ್ಳಬೇಕಾದವನು ನಾನು, ಮುಳ್ಳನ್ನು ಮತ್ತೆ ಕಿತ್ತು ಹಸಿರು ಪಟ್ಟಿಯ ಆರಂಭಕ್ಕೆ ಸರಿಯಾಗಿ ಒತ್ತಿ ಕೂರಿಸಿದೆ. ಕೂರಿಸುವಾಗ ಓರೆಯಾಗಿ ಕೂತದ್ದಿರಬೇಕು, ಈಗ ಸರಿಹೋಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೊಸ ರಬ್ಬರ್ ರಿಂಗ್ ಹಾಕಿ ಉಂಗುರ ಮಡಚಿದೆ. ಗೇಜು ಅಂಗಡಿಯಿಂದ ಈಗ ತಂದಂತಿತ್ತು. ಮನೆಗೆ ಬಂದವರಿಗೆಲ್ಲ ತೋರಿಸಿದೆ.

ಇಡೀ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡುವುದು ಆ ಒಂದು ಕ್ಷಣ. ಕೊಳವೆ ಬಿರಿದದ್ದು ಅಜ್ಞಾನ, ಯಾರಿಗೂ ಆದೀತು. ಮುಳ್ಳನ್ನು ಹಸಿರಿಗೆ ಒತ್ತಿದ್ದು ಹಾಗಲ್ಲ. ಪಿನ್ನಿಗೆ ಒರಗಿಯೇ ಬಿಟ್ಟಿದ್ದರೆ ಯಾವ ಡ್ರೈವರನಾದರೂ ಇದು ಕೆಲಸ ಮಾಡುತ್ತಿಲ್ಲ ಎಂದು ಒಂದೇ ದಿನದಲ್ಲಿ ಹಿಡಿಯುತ್ತಿದ್ದ. ಎಲ್ಲಿದ್ದರೆ ಚೆನ್ನಾಗಿ ಕಾಣುತ್ತದೋ ಅಲ್ಲಿ ಕೂರಿಸಿ, ನಾನೇ ಅದಕ್ಕೆ ಸುಳ್ಳು ಹೇಳಲು ಕಲಿಸಿದೆ.

ಹಿಂಗಾರಿಯ ಕೆಲಸ ಮುಗಿದು ಕಬ್ಬಿನ ಹಂಗಾಮು ಬಂತು. ಗೇಜಿನ ಮುಳ್ಳು ಹಸಿರು ಬಿಟ್ಟು ಕದಲಲಿಲ್ಲ. ರೇಡಿಯೇಟರ್ ಫ್ಲಶ್ ಮಾಡಿಸಿದ್ದೇವಲ್ಲ, ಅದಕ್ಕೇ ಗಾಡಿ ತಂಪಾಗಿ ಓಡುತ್ತಿದೆ ಎಂದು ನಾನೇ ಎಲ್ಲರಿಗೂ ಹೇಳಿದೆ. ರೇಡಿಯೇಟರಿನ ಒಳಗು ತೊಳೆದದ್ದು ಹೌದು. ಹೊರಗಿನ ರೆಕ್ಕೆಗಳ ಸಂದಿಯಲ್ಲಿ ನೆರೆಯ ಹೂಳು ಕಲ್ಲಾಗಿ ಕೂತಿತ್ತು, ಅದರ ಮೇಲೆ ಗದ್ದೆಯ ರವದಿ ಬಂದು ಮೆತ್ತಿಕೊಳ್ಳುತ್ತಿತ್ತು. ಫ್ಯಾನ್ ಎಷ್ಟು ತಿರುಗಿದರೂ ಗಾಳಿ ಹಾಯಲು ಜಾಗ ಇರಲಿಲ್ಲ.

ಆ ದಿನ ನಮ್ಮ ಕಬ್ಬು ಹುಕ್ಕೇರಿ ತಾಲೂಕಿನ ಕಡೆಯ ಸಕ್ಕರೆ ಕಾರ್ಖಾನೆಯ ಕಾಟಾಕ್ಕೆ, ಅಂದರೆ ತೂಕಕ್ಕೆ, ಹೋಗುವುದಿತ್ತು. ಡ್ರೈವರ್ ನಮ್ಮ ಮನೆಯಲ್ಲಿ ಬಹಳ ವರ್ಷ ದುಡಿದವರು, ನಾನು ಅವರನ್ನು ಕಾಕಾ ಎನ್ನುತ್ತೇನೆ. ಎರಡು ಟ್ರೇಲರ್ ತುಂಬ ಹೇರು, ಮಟಮಟ ಮಧ್ಯಾಹ್ನ, ದಾರಿಯಲ್ಲಿ ಏರು. ನಾನು ಮಡ್‌ಗಾರ್ಡ್ ಮೇಲೆ ಕೂತಿದ್ದೆ. ಏರಿನ ಅರ್ಧಕ್ಕೆ ಕಾಕಾ ಗೇರ್ ಇಳಿಸಿ, ಬದಿಗೆ ಹಾಕುವವರಂತೆ ಸ್ಟೇರಿಂಗ್ ತಿರುಗಿಸಿದರು.

"ತಮ್ಮಾ, ಗಾಡಿ ಭಾಳ ಕಾದೈತಿ. ವಾಸನಿ ಬರಾಕತ್ತೈತಿ. ಒಂದೀಟ ನಿಂದ್ರಸ್ತೀನಿ."

"ಮುಳ್ಳ ನೋಡ್ರಿ ಕಾಕಾ, ಹಸರಾಗ ಐತಿ. ನಿಂತರ ಕಾಟಾದ ಪಾಳಿ ತಪ್ಪತೈತಿ. ಹೊಡೀರಿ."

ಅವರು ಗೇಜು ನೋಡಿದರು, ನನ್ನ ಮುಖ ನೋಡಿದರು. ಮತ್ತೆ ಮಾತಾಡಲಿಲ್ಲ. ಗಾಡಿ ಹೊಡೆದರು. ಏರಿನ ತಲೆಗೆ ಮುಟ್ಟುವ ಮೊದಲೇ ಎಂಜಿನ್ನಿನ ಸದ್ದು ಒಡೆಯಿತು, ಸೈಲೆನ್ಸರಿನಿಂದ ಬಿಳಿ ಹೊಗೆ ಬಂತು, ಬಾನೆಟ್ ಸಂದಿಯಿಂದ ಉಗಿ. ಗಾಡಿ ತಾನಾಗಿಯೇ ನಿಂತಿತು. ಮುಳ್ಳು ಹಸಿರಿನಲ್ಲೇ ಇತ್ತು.

ಹೆಡ್ ಗ್ಯಾಸ್ಕೆಟ್ ಸುಟ್ಟು ಹೋಗಿತ್ತು, ಹೆಡ್ ಬಾಗಿತ್ತು. ಹೆಡ್ಡನ್ನು ಗೋಕಾಕಕ್ಕೆ ಒಯ್ದು ಮಷಿನ್ನಿನಲ್ಲಿ ಸಮ ಮಾಡಿಸಿ, ವಾಲ್ವ್ ಕೂರಿಸಿ ತರುವಷ್ಟರಲ್ಲಿ ಹಂಗಾಮಿನ ಒಳ್ಳೆಯ ದಿನಗಳು ಹೋದವು. ಕಡಿದ ಕಬ್ಬು ಬಿಸಿಲಲ್ಲಿ ನಿಂತಷ್ಟೂ ಒಣಗುತ್ತದೆ, ತೂಕವೂ ಸಕ್ಕರೆಯೂ ಇಳಿಯುತ್ತವೆ. ಬೇರೆ ಟ್ರ್ಯಾಕ್ಟರ್ ಸಿಕ್ಕು ನಮ್ಮ ಟ್ರೇಲರುಗಳು ಕಾಟಾ ಹತ್ತಿದ್ದು ತೀರ ತಡವಾಗಿ. ಇವೆಲ್ಲ ನಷ್ಟದ ಲೆಕ್ಕ, ಒಕ್ಕಲುತನದ ಮನೆಗೆ ಹೊಸದಲ್ಲ.

ಮೇಸ್ತ್ರಿ ಹೆಡ್ ಬಿಚ್ಚಿ ನೋಡಿ ಅಂದದ್ದು ಒಂದೇ ಮಾತು: ನೀರು ಕಡಿಮೆಯಾಗಿತ್ತು, ನೋಡಿಲ್ಲ. ನೀರು ನೋಡುವುದು ಡ್ರೈವರನ ಕೆಲಸ. ಅಪ್ಪ ಕಾಕಾನನ್ನು ಅಂಗಳದಲ್ಲಿ ನಿಲ್ಲಿಸಿ, ಆಳುಗಳ ಎದುರಿಗೆ ಬೈದರು. ಮುಂಜಾನೆ ನೀರು ಹಾಕಿಯೇ ಹೊರಟಿದ್ದೆ, ದಾರಿಯಲ್ಲಿ ಹೇಳಿದ್ದೆ ಎಂದು ಕಾಕಾ ಒಂದು ಸಲ ಅಂದರು. ಹೇಳಿದ್ದು ಯಾರಿಗೆ ಎನ್ನಲಿಲ್ಲ. ನಾನು ಅಲ್ಲೇ ನಿಂತಿದ್ದೆ. "ಗೇಜ್ ಸರಿ ಇತ್ತಲ್ಲ" ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ ಎಂದು ಈಗಲೂ ಹೇಳಿಕೊಳ್ಳಬಹುದು. ಆದರೆ ಏರಿನಲ್ಲಿ ನಡೆದ ಮಾತು ನನಗೆ ಗೊತ್ತಿತ್ತು. ಅದನ್ನು ನುಂಗಿಕೊಂಡೆ. ಆ ಹಂಗಾಮಿನ ಪಗಾರದಲ್ಲಿ ಅಪ್ಪ ಮುರಿದುಕೊಂಡರು. ಕಾಕಾ ನಮ್ಮ ಗಾಡಿ ಬಿಟ್ಟು ಬೇರೆಯವರ ಹತ್ತಿರ ಹೋದರು. ನೀರಿಲ್ಲದೆ ಗಾಡಿ ಓಡಿಸಿದವನು ಎಂಬ ಮಾತು ಅವರ ಹಿಂದೆಯೇ ಹೋಯಿತು. ಡ್ರೈವರಿಕೆಯಲ್ಲಿ ಹೊಟ್ಟೆ ಹೊರೆಯುವವನಿಗೆ ಅದು ಸಣ್ಣ ಮಾತಲ್ಲ.

ನಿಜ ಗೊತ್ತಾದದ್ದು ಗೋಕಾಕ ಫಾಲ್ಸ್‌ನಲ್ಲಿ. ಜಲಪಾತದ ತಲೆಯ ಮೇಲೆ 1887ರಿಂದ ನೂಲಿನ ಗಿರಣಿಯಿದೆ. ಧುಮ್ಮಿಕ್ಕುವ ಘಟಪ್ರಭೆಯ ಬಲದಿಂದಲೇ ಯಂತ್ರ ತಿರುಗಿಸಿದ ಜಾಗ ಅದು, ಅಲ್ಲಿನ ತೂಗುಸೇತುವೆ ನೋಡಲು ಬರುವವರು ಗಿರಣಿಯ ಕಡೆ ಕತ್ತೆತ್ತಿಯೂ ನೋಡದೆ ಹೋಗುತ್ತಾರೆ. ತಲೆಮಾರುಗಳ ಕಾಲ ಆ ಗಿರಣಿ ನಮ್ಮ ಸೀಮೆಗೆ ಫಿಟ್ಟರುಗಳನ್ನು, ಟರ್ನರುಗಳನ್ನು ತಯಾರು ಮಾಡಿ ಕೊಟ್ಟಿದೆ. ಅಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿಗೆ ನನ್ನ ಗಡಿಯಾರದ ಹುಚ್ಚು ಗೊತ್ತಿತ್ತು. ಹೆಡ್ ಬಿಚ್ಚುವಾಗ ಮೇಸ್ತ್ರಿ ಬಲ್ಬಿನ ನಟ್ಟನ್ನೂ ಬಿಸಿ ಮಾಡಿ ಬಿಚ್ಚಿ ಗೇಜನ್ನು ಹೊರಗೆ ತೆಗೆದಿದ್ದ. ಮತ್ತೆ ಹಾಕುವ ಮುನ್ನ ಒಮ್ಮೆ ನೋಡಲಿ ಎಂದು ಅದನ್ನು ಹಿರಿಯರ ಹತ್ತಿರ ಒಯ್ದೆ. ನನ್ನ ಕೆಲಸದ ಅಚ್ಚುಕಟ್ಟು ಅವರ ಕಣ್ಣಿಗೆ ಬೀಳಲಿ ಎಂಬ ಆಸೆಯೂ ಇತ್ತು.

ಅವರು ಉಂಗುರದ ಕಡೆ ನೋಡಲೇ ಇಲ್ಲ. ಒಲೆಯ ಮೇಲೆ ನೀರಿಟ್ಟು, ಕುದಿ ಬಂದ ಮೇಲೆ ಬಲ್ಬನ್ನು ಅದರಲ್ಲಿ ಇಳಿಬಿಟ್ಟರು. ಗೋಕಾಕ ಸಮುದ್ರಮಟ್ಟಕ್ಕಿಂತ ಸುಮಾರು 550 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಮುಳ್ಳು ಕೆಂಪಿನ ಅಂಚಿಗೆ ಹೋಗಬೇಕು. ಅದು ಹಸಿರಿನಲ್ಲೇ ಕೂತಿತ್ತು. ಬಲ್ಬನ್ನು ತೆಗೆದು ಬಾವಿಯ ತಣ್ಣೀರಿಗೆ ಹಾಕಿದರು. ಆಗಲೂ ಅಲ್ಲೇ.

"ಇದರಾಗ ಜೀವ ಇಲ್ಲ" ಎಂದರು. ತಂತಿಯ ಕವಚವನ್ನು ಇಕ್ಕಳದಿಂದ ಸ್ವಲ್ಪ ಬಿಡಿಸಿ, ಡಬ್ಬಿಯ ಬೆನ್ನ ಹತ್ತಿರ ಭೂತಗನ್ನಡಿ ಹಿಡಿದು ನನಗೆ ತೋರಿಸಿದರು. ತಾಮ್ರದ ಮೇಲೆ ತಿರುಚಿದ ಗೆರೆಗಳು, ಅವುಗಳ ನಡುವೆ ಕಪ್ಪನೆಯ ಕೂದಲಿನಷ್ಟು ಬಿರುಕು. ತಿರುಚಿದ ದಿಕ್ಕು ನನ್ನ ಕೈ ತಿರುಗಿಸಿದ ದಿಕ್ಕೇ ಆಗಿತ್ತು.

ಆಮೇಲೆ ಅವರು ಹೇಳಿದ್ದನ್ನು ನಾನು ಮೊದಲೇ ಕಲಿಯಬೇಕಾಗಿತ್ತು. ಫ್ರಾನ್ಸಿನ ಯೂಜೀನ್ ಬೋರ್ಡಾನ್ 1849ರಲ್ಲಿ ಒಂದು ಸಾಧನಕ್ಕೆ ಪೇಟೆಂಟ್ ಪಡೆದ. ಚಪ್ಪಟೆ ಮಾಡಿದ ಲೋಹದ ನಳಿಗೆಯನ್ನು ಬಾಗಿಸಿ, ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಒತ್ತಡ ಕೊಟ್ಟರೆ ಅದು ನೆಟ್ಟಗಾಗಲು ನೋಡುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿ ಬಿಚ್ಚಿಕೊಳ್ಳುವುದೂ ಇದೇ ಬಗೆಯಲ್ಲಿ, ಆದರೆ ಗೇಜಿನ ನಳಿಗೆಯ ಚಲನೆ ಕಣ್ಣಿಗೆ ಕಾಣದಷ್ಟು ಸಣ್ಣದು. ಸಣ್ಣ ಹಲ್ಲಿನ ಚಕ್ರಗಳು ಅದನ್ನು ದೊಡ್ಡದು ಮಾಡಿ ಮುಳ್ಳಿಗೆ ಕೊಡುತ್ತವೆ. ಸಕ್ಕರೆ ಕಾರ್ಖಾನೆಯ ಬಾಯ್ಲರಿನ ಮೇಲಿರುವ ದೊಡ್ಡ ಗೇಜು, ಟ್ರ್ಯಾಕ್ಟರಿನ ಹಳೆಯ ಆಯಿಲ್ ಗೇಜು, ಪಂಕ್ಚರ್ ಅಂಗಡಿಯ ಗಾಳಿ ಗೇಜು ಎಲ್ಲವೂ ಆ ಬಾಗಿದ ನಳಿಗೆಯ ಸಂತಾನವೇ.

ಹೀಟ್ ಗೇಜಿನಲ್ಲಿ ಆ ಒತ್ತಡ ಹುಟ್ಟುವುದು ಈಥರಿನಿಂದ. ಈಥರ್ ಮೂವತ್ತೈದು ಡಿಗ್ರಿಗೂ ಮುನ್ನವೇ ಕುದಿಯುವ ದ್ರವ. ಮುಚ್ಚಿದ ಬಲ್ಬಿನಲ್ಲಿ ಅದು ಕಾದಷ್ಟೂ ಆವಿಯ ಒತ್ತಡ ಏರುತ್ತದೆ. ನೂರು ಡಿಗ್ರಿಯಲ್ಲಿ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಆರು ಪಟ್ಟು ಮೀರುತ್ತದೆ. ಒತ್ತಡ ಒಂದೇ ಸಮನೆ ಏರುವುದಿಲ್ಲ, ಮೇಲೆ ಹೋದಂತೆ ಜೋರಾಗುತ್ತದೆ. ಅದಕ್ಕೇ ಇಂಥ ಗೇಜಿನ ಡಯಲ್ ಮೇಲೆ ಕೆಳಗಿನ ಅಂಕಿಗಳು ಒತ್ತೊತ್ತಾಗಿ, ಮೇಲಿನವು ದೂರ ದೂರ ಇರುತ್ತವೆ. ನನ್ನ ಗೇಜಿನ ಡಯಲ್ಲೂ ಹಾಗೇ ಇತ್ತು. ಒರೆಸುವಾಗ ನೋಡಿದ್ದೆ, ಯಾಕೆ ಹೀಗೆ ಎಂದು ಕೇಳಿಕೊಂಡಿರಲಿಲ್ಲ.

ಕೊಳವೆ ಬಿರಿದರೆ ಈಥರ್ ಹಾರಿಹೋಗಿ ಒಳಗೆ ಹೊರಗಿನ ಗಾಳಿಯೇ ತುಂಬುತ್ತದೆ. ಆಗ ಮುಳ್ಳು ತಣ್ಣನೆಯ ಎಂಜಿನ್ನಿಗೆ ತೋರಿಸುವ ಜಾಗದಲ್ಲೇ ಉಳಿಯುತ್ತದೆ. ಅಂದರೆ ಸತ್ತ ಗೇಜು ತೋರಿಸುವುದೂ ತಣ್ಣಗಿರುವ ಎಂಜಿನ್ ತೋರಿಸುವುದೂ ಒಂದೇ. ಎಂಜಿನ್ ಕಾದು ಕರಗುತ್ತಿದ್ದರೂ ಅದು ಆರಾಮ ಇದೆ ಎನ್ನುತ್ತದೆ. ಕೆಟ್ಟರೆ ಕೆಂಪು ತೋರಿಸಬೇಕಾದ ಸಾಧನ ಕೆಟ್ಟಾಗ ಕ್ಷೇಮ ತೋರಿಸುತ್ತದೆ, ಇದು ಆ ಗೇಜಿನ ಹುಟ್ಟುಗುಣ. ಸಿಡಿದ ಟೈರು, ಮುರಿದ ಬೋಲ್ಟು ತಾವಾಗಿ ತಿಳಿಸುತ್ತವೆ. ಇದು ತಿಳಿಸುವುದಿಲ್ಲ.

ಬಿರುಕಿಗೆ ಬೆಸುಗೆ ಹಾಕಿ ಸರಿ ಮಾಡಬಹುದೇ ಎಂದು ಕೇಳಿದೆ. ದಾರಿ ಒಂದಿದೆ. ಹಳೆಯ ಕಾರುಗಳ ಮೂಲ ಗೇಜನ್ನೇ ಉಳಿಸಿಕೊಳ್ಳಬೇಕೆನ್ನುವವರು ಅಗ್ಗದ ಹೊಸ ಗೇಜೊಂದನ್ನು ತಂದು, ಅದರ ಬಲ್ಬು ಮತ್ತು ಕೊಳವೆಯನ್ನು ಉಪ್ಪು ಬೆರೆಸಿದ ಮಂಜುಗಡ್ಡೆಯಲ್ಲಿ ಹೂತಿಟ್ಟು, ಒಳಗಿನ ಈಥರ್ ದ್ರವವಾಗಿಯೇ ಉಳಿದಿರುವಾಗ ಕೊಳವೆ ಕತ್ತರಿಸಿ, ಹಳೆಯ ಗೇಜಿಗೆ ಬೆಸೆಯುತ್ತಾರೆ. ಮಂಜು ಕರಗುವ ಮುನ್ನ ಕೆಲಸ ಮುಗಿಯಬೇಕು. ಈಥರಿನ ಆವಿ ಕಿಡಿಯಿಲ್ಲದೆ, ಬರೀ ಕಾದ ಲೋಹ ತಾಗಿದರೂ ಹೊತ್ತಿಕೊಳ್ಳುವಂಥದ್ದು, ಗಾಳಿಗಿಂತ ಭಾರ, ನೆಲದ ಮೇಲೆ ಹರಡಿ ದೂರದ ಒಲೆಯನ್ನೂ ಹುಡುಕಿಕೊಂಡು ಹೋಗುತ್ತದೆ. ಹಿರಿಯರು ಕೈಯಾಡಿಸಿ ಬೇಡವೆಂದರು. ದುಡಿಯುವ ಟ್ರ್ಯಾಕ್ಟರಿಗೆ ಬೇಕಾದ್ದು ಹಳೆಯ ಗೇಜಲ್ಲ, ನಿಜ ಹೇಳುವ ಗೇಜು. ಗೋಕಾಕದ ಬಿಡಿಭಾಗದ ಅಂಗಡಿಯಲ್ಲಿ ಕೊಳವೆ, ಬಲ್ಬು ಸಮೇತ ಹೊಸದು ಸಿಕ್ಕಿತು. ಅದರ ಬೆಲೆಯನ್ನು ನಮ್ಮ ನಷ್ಟದ ಪಕ್ಕಕ್ಕಿಟ್ಟು ನೋಡಲು ನನಗೆ ಧೈರ್ಯ ಬರಲಿಲ್ಲ.

ಅಪ್ಪನಿಗೆ ಅವತ್ತೇ ರಾತ್ರಿ ಹೇಳಿದೆ. ಬಿರುಕನ್ನು ತೋರಿಸಿದೆ, ಏರಿನಲ್ಲಿ ಕಾಕಾ ಅಂದದ್ದನ್ನೂ ನಾನು ಅಂದದ್ದನ್ನೂ ಹೇಳಿದೆ. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ನನಗೆ ಹೇಳುವುದಲ್ಲ, ಅವನಿಗೆ ಹೇಳು ಎಂದರು. ಮರುದಿನ ಇಬ್ಬರೂ ಕಾಕಾನ ಮನೆಗೆ ಹೋದೆವು. ಮುರಿದುಕೊಂಡ ಪಗಾರವನ್ನು ಅಪ್ಪ ಅವರ ಮುಂದಿಟ್ಟರು. ನಾನು ಹೇಳಿ ಮುಗಿಸಿದ ಮೇಲೆ ಕಾಕಾ ಕೇಳಿದ್ದು ಗೇಜಿನ ಬಗ್ಗೆಯೇ.

"ಅದು ಅಳ್ಳಾಡ್ತಿರಲಿಲ್ಲ ತಮ್ಮಾ. ಏರ ಹತ್ತಿದಾಗ ಮುಳ್ಳ ಒಂದೀಟ ಏರಬೇಕು, ಇಳಿಜಾರಿಗೆ ಇಳೀಬೇಕು. ಇದು ಕಟ್ಟಿ ಹಾಕಿದಂಗ ನಿಂತಿತ್ತು. ನಂಗ ಅವತ್ತ ಸಂಶೆ ಬಂದಿತ್ತು. ನೀ ಭಾಳ ಖಾತ್ರಿಲೆ ಹೇಳಿದಿ."

ಗಡಿಯಾರ ಬಿಚ್ಚಿ ಕಲಿತವನಿಗೆ ಕಾಣದ್ದು ಸ್ಟೇರಿಂಗ್ ಹಿಡಿದವರಿಗೆ ಕಂಡಿತ್ತು. ಓಡುವ ಎಂಜಿನ್ನಿನ ಮೇಲೆ ಮುಳ್ಳು ಎಂದೂ ಪೂರ್ತಿ ಸ್ಥಿರವಾಗಿರುವುದಿಲ್ಲ. ಏರು, ಇಳಿಜಾರು, ಹೇರು, ಬಿಸಿಲು ಎಲ್ಲದಕ್ಕೂ ಅದು ಸ್ವಲ್ಪ ಸ್ವಲ್ಪ ಉತ್ತರ ಕೊಡುತ್ತಿರುತ್ತದೆ. ನನ್ನ ಕೈಗೆ ಚೊಕ್ಕಟ ಡಯಲ್ ಸಾಕಾಗಿತ್ತು, ಅವರ ಕಣ್ಣು ಆ ಉತ್ತರವನ್ನು ಹುಡುಕುತ್ತಿತ್ತು. ಕಾಕಾ ಮತ್ತೆ ನಮ್ಮ ಗಾಡಿಗೆ ಬರಲಿಲ್ಲ. ಹಿಡಿದ ಕೆಲಸ ಹಂಗಾಮಿನ ನಡುವೆ ಬಿಡುವ ಮನುಷ್ಯ ಅವರಲ್ಲ. ಅವರ ತಪ್ಪಿಲ್ಲ ಎಂದು ಊರಿನ ಕಟ್ಟೆಯ ಮೇಲೆ ಹೇಳಿದೆ. ಅಪವಾದ ಹಬ್ಬಿದ ವೇಗದಲ್ಲಿ ಆ ಮಾತು ಹಬ್ಬಲಿಲ್ಲ.

ಇದಾದ ಮೇಲೂ ನಾನು ಗೇಜು ಬಿಚ್ಚುವುದನ್ನು ಬಿಟ್ಟಿಲ್ಲ. ಹೇಗೆ ಬಿಚ್ಚಬೇಕು, ಎಲ್ಲಿ ನಿಲ್ಲಬೇಕು ಎಂಬುದು ಬದಲಾಗಿದೆ. ಗಾಜು ಬೆವೆತರೆ, ರಬ್ಬರ್ ಒಣಗಿದರೆ, ಡಯಲ್ ಕೊಳೆಯಾದರೆ ಮನೆಯಲ್ಲೇ ಮಾಡಬಹುದು. ಕೊಳವೆಯ ಗೇಜಾದರೆ ಬಲ್ಬನ್ನು ಮೊದಲು ಎಂಜಿನ್ನಿನಿಂದ ಬಿಡಿಸಿಕೊಳ್ಳಬೇಕು. ನಟ್ಟು ಏಳದಿದ್ದರೆ ಗೇಜನ್ನು ಮುಟ್ಟಲೇಬಾರದು, ಯಾಕೆಂದರೆ ನಟ್ಟಿನ ಜೊತೆ ಕೊಳವೆ ತಿರುಗಿದರೂ ಬಿರಿಯುತ್ತದೆ, ಗೇಜಿನ ಜೊತೆ ತಿರುಗಿದರೂ ಬಿರಿಯುತ್ತದೆ. ಕೊಳವೆಯನ್ನು ಡಬ್ಬಿಯ ಬೆನ್ನಿಗೆ ಅರಿವೆಯಿಂದ ಬಿಗಿದು, ಎರಡೂ ಒಟ್ಟಿಗೆ ಅಲುಗುವಂತೆ ಮಾಡಿಕೊಂಡೇ ಉಂಗುರಕ್ಕೆ ಕೈ ಹಾಕಬೇಕು. ಮುಳ್ಳನ್ನು ಕೀಳದೆ, ಡಯಲ್ಲಿನ ಕೊಳೆಯನ್ನು ಮೆತ್ತನೆಯ ಕುಂಚದಿಂದ ತೆಗೆದರೆ ಸಾಕು. ಪೂರ್ತಿ ಚೊಕ್ಕಟ ಆಗದಿದ್ದರೂ ಪರವಾಗಿಲ್ಲ.

ಬೈಕಿನ, ಜೀಪಿನ ಹಳೆಯ ಸ್ಪೀಡೋಮೀಟರಿನಲ್ಲಿ ಮುಳ್ಳಿನ ವಿಷಯ ಇನ್ನೂ ಸೂಕ್ಷ್ಮ. ಅಲ್ಲಿ ಕೇಬಲ್ ಒಂದು ಆಯಸ್ಕಾಂತವನ್ನು ತಿರುಗಿಸುತ್ತದೆ, ಅದರ ಸುತ್ತ ಮುಟ್ಟದೆ ನಿಂತಿರುವ ಅಲ್ಯೂಮಿನಿಯಂ ಬಟ್ಟಲು ಆ ಸೆಳೆತಕ್ಕೆ ಹೊರಳುತ್ತದೆ, ಕೂದಲಿನಂಥ ಸ್ಪ್ರಿಂಗ್ ಅದನ್ನು ತಡೆಯುತ್ತದೆ. ಜರ್ಮನಿಯ ಓಟೋ ಶುಲ್ಜೆ 1902ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಸೊನ್ನೆಯ ಪಿನ್ನಿಗೆ ಒರಗಿರುವಾಗಲೂ ಅನೇಕ ಮೀಟರುಗಳಲ್ಲಿ ಆ ಸ್ಪ್ರಿಂಗ್ ಮುಳ್ಳನ್ನು ಇನ್ನೂ ಕೆಳಕ್ಕೆ ಎಳೆಯುತ್ತಲೇ ಇರುತ್ತದೆ, ನಿಜವಾದ ಸೊನ್ನೆ ಪಿನ್ನಿಗಿಂತ ಕೆಳಗೆಲ್ಲೋ ಇರುತ್ತದೆ. ಮುಳ್ಳು ಕಿತ್ತು ಪಿನ್ನಿನ ಮೇಲೆ ತಂದು ಒತ್ತಿದರೆ ಮೀಟರು ಎಲ್ಲ ವೇಗದಲ್ಲೂ ತಪ್ಪು ಹೇಳುತ್ತದೆ, ನೋಡಲು ಮಾತ್ರ ಸರಿಯಾಗಿ ಕಾಣುತ್ತದೆ. ಬಟ್ಟಲಿಗೆ ಎಣ್ಣೆ ಬಿಟ್ಟವರೂ ಇದ್ದಾರೆ, ಅದು ಆಯಸ್ಕಾಂತಕ್ಕೂ ಬಟ್ಟಲಿಗೂ ಅಂಟಿ ಮುಳ್ಳನ್ನು ಎಳೆದಾಡುತ್ತದೆ. ಹಳೆಯ ಮಿಲಿಟರಿ ಜೀಪಿನ ಗೇಜು ಸಿಕ್ಕವರಿಗೆ ಇನ್ನೊಂದು ಮಾತು: ಆ ಕಾಲದ ಕೆಲವು ಡಯಲ್ಲುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬೆರೆಸಿದ ಬಣ್ಣ ಬಳಿದಿರುತ್ತಾರೆ. ಹೊಳಪು ಎಂದೋ ನಿಂತಿರುತ್ತದೆ, ವಿಕಿರಣ ನಿಂತಿರುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು 1600 ವರ್ಷ ಬೇಕು. ಆ ಬಣ್ಣದ ಪುಡಿ ಉಸಿರಿನಲ್ಲಿ ಹೋಗಬಾರದು, ಅಂಥದನ್ನು ಮನೆಯಲ್ಲಿ ತೆರೆಯಲೇಬೇಡಿ.

ಹಳೆಯ ಕರೆಂಟ್ ಮೀಟರಿನೊಳಗೆ ತಿರುಗುವ ಅಲ್ಯೂಮಿನಿಯಂ ತಟ್ಟೆಗೂ ಸ್ಪೀಡೋಮೀಟರಿನ ಬಟ್ಟಲಿಗೂ ಒಂದೇ ತತ್ವ. ಆ ಮೀಟರಿಗೆ ಸೀಲ್ ಒತ್ತಿರುತ್ತಾರೆ, ಒಡೆದರೆ ಅಪರಾಧ, ಏಕೆಂದರೆ ಅದು ತಪ್ಪಿದರೆ ಇನ್ನೊಬ್ಬರಿಗೆ ನಷ್ಟ. ಟ್ರ್ಯಾಕ್ಟರಿನ ಗೇಜಿಗೆ ಅಂಥ ಸೀಲಿಲ್ಲ, ಬಿಚ್ಚಿದವನನ್ನು ಯಾರೂ ಕೇಳುವುದಿಲ್ಲ. ಅದು ತಪ್ಪಿದರೂ ಇನ್ನೊಬ್ಬರಿಗೆ ನಷ್ಟವಾಗುತ್ತದೆ ಎಂಬುದು ನನಗೆ ಕಾಕಾನ ಅಂಗಳದಲ್ಲಿ ಕೂತಾಗ ಗೊತ್ತಾಯಿತು.

ಹಂಗಾಮಿಗೆ ಮುಂಚೆ ನಿಮ್ಮ ಗಾಡಿಯ ಹೀಟ್ ಗೇಜನ್ನು ಒಮ್ಮೆ ಪರೀಕ್ಷೆ ಮಾಡಿ. ಬಲ್ಬು ಸುಲಭವಾಗಿ ಬಿಚ್ಚಿದರೆ ಕುದಿಯುವ ನೀರಿನಲ್ಲಿ ಇಳಿಬಿಟ್ಟು ನೋಡಿ, ಬಿಚ್ಚದಿದ್ದರೆ ತಣ್ಣನೆಯ ಎಂಜಿನ್ ಚಾಲೂ ಮಾಡಿ ಮುಳ್ಳು ಮೆಲ್ಲಗೆ ಏರುತ್ತದೆಯೇ ಎಂದು ಪಕ್ಕದಲ್ಲೇ ನಿಂತು ನೋಡಿ. ಹೊಸ ಗಾಡಿಗಳಲ್ಲಿ ಕೊಳವೆಯ ಬದಲು ವೈರ್ ಇರುತ್ತದೆ, ವೈರ್ ಕಡಿದರೂ ಬಹುತೇಕ ಗೇಜುಗಳು ತಣ್ಣಗಿದೆ ಎಂದೇ ತೋರಿಸುತ್ತವೆ, ಅವಕ್ಕೂ ಇದೇ ಪರೀಕ್ಷೆ. ಮುಳ್ಳು ಕದಲದಿದ್ದರೆ ಅವತ್ತು ಟ್ರೇಲರ್ ಕಟ್ಟಬೇಡಿ. ದಾರಿಯಲ್ಲಿ ಡ್ರೈವರ್ ಗಾಡಿ ಕಾದಿದೆ ಎಂದರೆ ಗೇಜು ಏನೇ ಹೇಳಲಿ, ಬದಿಗೆ ಹಾಕಿ ನಿಲ್ಲಿಸಿ. ಕಾಟಾದ ಪಾಳಿ ಮತ್ತೆ ಬರುತ್ತದೆ.